ಬಲ್ಬಿನ ಈಚೆ ಎಷ್ಟು, ಆಚೆ ಎಷ್ಟು

2019ನೇ ಇಸವಿ ನವೆಂಬರ್ 12, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಪ್ರೌಢಶಾಲೆಯ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ, ಒಂದು ತೆಳು ತಂತಿಯಿಂದ ಹೊಗೆ ಏಳತೊಡಗಿತು. ಆ ಮೇಜಿನ ಹುಡುಗಿ ಅದನ್ನು ನೋಡಿದಳು. ನೋಡಿ ಕಿರುಚಲಿಲ್ಲ. ಕೈ ಎತ್ತಿದಳು. ಟೀಚರು ತಲೆಯಾಡಿಸಿದ ಮೇಲೆ ಎದ್ದು ನಿಂತು, ಜಡೆ ಹಿಂದಕ್ಕೆ ಹಾಕಿಕೊಂಡು ಶುರುಮಾಡಿದಳು.

"ಟೀಚರ್, ನಮ್ಮ ಮಂಡಲದಲ್ಲಿ ವಿದ್ಯುತ್ ಪ್ರವಾಹವು... ಅಲ್ಲ, ವಾಹಕದ ತುದಿಗಳ ನಡುವಿನ ವಿಭವಾಂತರವು... ಅಲ್ಲ..."

ತಂತಿಯ ಪ್ಲಾಸ್ಟಿಕ್ಕು ಕರಗಿ ಮೇಜಿಗೆ ಅಂಟುತ್ತಿತ್ತು. ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಟೀಚರು ಎರಡು ಸ್ಟೂಲುಗಳನ್ನು ಕೆಡವಿಕೊಂಡು ಓಡಿ ಬಂದರು.

"ಏಯ್, ಮೊದ್ಲು ಕರೆಂಟ್ ತೆಗಿಯೇ!"

ಹುಡುಗಿ ಪ್ಲಗ್ಗು ಕಿತ್ತಳು. ಹೊಗೆ ಕಿಟಕಿಯತ್ತ ತೇಲಿಹೋಯಿತು. ಇಡೀ ತರಗತಿ ಉಸಿರು ಬಿಗಿಹಿಡಿದಿತ್ತು, ಹೊಗೆಗೆ ಹೆದರಿ ಅಲ್ಲ, ಟೀಚರ ಬಾಯಿಂದ ಬಂದ ಮಾತಿಗೆ. ಕೊನೆಯ ಬೆಂಚಿನಲ್ಲಿ ಸದಾ ಏನಾದರೊಂದು ಬಿತ್ತರಿಸುತ್ತಲೇ ಇರುವ ಒಬ್ಬ ಹುಡುಗನಿದ್ದ. ಎಲ್ಲರೂ ಅವನನ್ನು ರೇಡಿಯೋ ಎನ್ನುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡ.

"ಟೀಚರ್, ಎದ್ದು ನಿಂತಿದ್ದೀರಿ, ಅದು ಸರಿ. ವಾಕ್ಯ ತಿದ್ದಬೇಕಲ್ಲ?"

ನಿಯಮ ಅದೇ ಆಗಿತ್ತು, ಅದನ್ನು ಮಾಡಿದವರೂ ಅವರೇ. ಆಂಪಿಯರ್ ಟೀಚರ್ ಎಂದು ಮಕ್ಕಳು ಬೆನ್ನ ಹಿಂದೆ ಕರೆಯುತ್ತಿದ್ದ ಈ ಭೌತಶಾಸ್ತ್ರದ ಟೀಚರ ತರಗತಿಯಲ್ಲಿ, ಮನೆಯ ಮಾತನ್ನು ಮನೆಯಲ್ಲೇ ಬಿಟ್ಟು ಬರಬೇಕು. 'ಕರೆಂಟ್ ಹೋಯ್ತು' ಎಂದವರು ಎದ್ದು ನಿಂತು 'ವಿದ್ಯುತ್ ಪೂರೈಕೆ ಕಡಿತಗೊಂಡಿದೆ' ಎಂದು ತಿದ್ದಬೇಕು. 'ಚಾರ್ಜ್ ಖಾಲಿ' ಎಂದವರು 'ಕೋಶದಲ್ಲಿ ಸಂಗ್ರಹವಾದ ರಾಸಾಯನಿಕ ಶಕ್ತಿ ಮುಗಿದಿದೆ' ಎನ್ನಬೇಕು. ಕಪ್ಪುಹಲಗೆಯ ಪಕ್ಕದಲ್ಲಿ ಒಂದು ದೊಡ್ಡ ಪಟ್ಟಿ ತೂಗಾಡುತ್ತಿತ್ತು. ಎಡಗಡೆ ಮನೆಮಾತು, ಬಲಗಡೆ ಶಾಸ್ತ್ರದ ಮಾತು. ಅದನ್ನು ಟೀಚರು ವರ್ಷಗಟ್ಟಲೆ ಕೂತು, ಕೂದಲು ಸೀಳುವಷ್ಟು ಯೋಚಿಸಿ ತಯಾರಿಸಿದ್ದರು.

ಟೀಚರು ನಾಲಿಗೆ ಕಚ್ಚಿಕೊಂಡರು. ಆಮೇಲೆ ನಕ್ಕರು. "ಪೂರೈಕೆಯಿಂದ ಮಂಡಲವನ್ನು ಬೇರ್ಪಡಿಸು. ಸಾಕೇನೋ ರೇಡಿಯೋ?"

"ಸಾಕು ಟೀಚರ್. ಕೂತ್ಕೊಳ್ಳಿ."

ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಟೀಚರು ಕೂರಲಿಲ್ಲ. ಸುಟ್ಟ ತಂತಿಯನ್ನು ಬೆರಳಲ್ಲಿ ಎತ್ತಿ ಅದರ ಜಾಡು ಹಿಡಿದು ನೋಡಿದರು. ಪ್ರಯೋಗ ಬಲು ಸುಲಭದ್ದು: ಒಂದು ಬಲ್ಬು ಉರಿಸಿ, ಅದರಲ್ಲಿ ಹರಿಯುವ ಪ್ರವಾಹವನ್ನು ಅಮ್ಮೀಟರಿನಲ್ಲಿ ಅಳೆಯುವುದು. ಈ ಹುಡುಗಿ ಬಲ್ಬನ್ನು ಪಕ್ಕಕ್ಕಿಟ್ಟು, ಅಮ್ಮೀಟರನ್ನು ನೇರವಾಗಿ ಪೂರೈಕೆಯ ಪೆಟ್ಟಿಗೆಗೇ ಜೋಡಿಸಿದ್ದಳು. ಮಧ್ಯೆ ಅಡ್ಡಿಯೇ ಇಲ್ಲದೆ ಪ್ರವಾಹ ನುಗ್ಗಿ ತಂತಿ ಸುಟ್ಟಿತ್ತು. ಅಮ್ಮೀಟರಿನ ಮುಳ್ಳು ಬಾಗಿ ಗೋಡೆಗೊರಗಿದ ಕುಡುಕನಂತೆ ಮೂಲೆ ಸೇರಿತ್ತು.

ಹುಡುಗಿ ದಡ್ಡಿಯಲ್ಲ. ತರಗತಿಯಲ್ಲಿ ಅವಳಿಗೆ ವಕೀಲೆ ಎಂದು ಹೆಸರು. ಅವಳೊಂದಿಗೆ ವಾದಕ್ಕಿಳಿದು ಗೆದ್ದವರಿಲ್ಲ. ಪಟ್ಟಿಯ ಎರಡೂ ಕಡೆಗಳನ್ನು ಅವಳು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದಳು.

"ಬಲ್ಬು ಯಾಕೆ ಬಿಟ್ಟೆ?"

"ಬಲ್ಬು ಇದ್ರೆ ಅಳತೆ ಕಮ್ಮಿ ಬರುತ್ತಲ್ಲ ಟೀಚರ್."

"ಹೇಗೆ?"

ವಕೀಲೆಗೆ ಮತ್ತೆ ಧೈರ್ಯ ಬಂತು. "ವಿದ್ಯುತ್ ಪ್ರವಾಹವು ಬಲ್ಬಿನ ತಂತುವಿನಲ್ಲಿ ವ್ಯಯವಾಗುತ್ತದೆ. ಬಲ್ಬು ತಗೊಂಡು ಉಳಿದದ್ದು ಮಾತ್ರ ಮೀಟರಿಗೆ ಸಿಗುತ್ತದೆ. ಪೂರ್ತಿ ಎಷ್ಟಿದೆ ಅಂತ ನೋಡೋಕೆ, ಬಲ್ಬು ತಿನ್ನೋ ಮೊದ್ಲೇ ಅಳೆದೆ."

ಟೀಚರ ಕೈಯಲ್ಲಿದ್ದ ತಂತಿ ಇನ್ನೂ ಬೆಚ್ಚಗಿತ್ತು. ಅವರು ನಿಧಾನಕ್ಕೆ ತರಗತಿಯ ಕಡೆ ತಿರುಗಿದರು.

"ಬಲ್ಬಿನ ಈಚೆ ಒಂದು ಅಮ್ಮೀಟರು, ಆಚೆ ಒಂದು ಅಮ್ಮೀಟರು ಇಟ್ಟರೆ, ಯಾವುದರಲ್ಲಿ ಹೆಚ್ಚು ತೋರಿಸುತ್ತೆ? ಈಚೆಯದ್ದರಲ್ಲಿ ಹೆಚ್ಚು ಅನ್ನೋರು ಕೈ ಎತ್ತಿ."

ಎಲ್ಲ ಕೈಗಳೂ ಮೇಲೆದ್ದವು. ರೇಡಿಯೋ ಎರಡೂ ಕೈ ಎತ್ತಿದ್ದ.

ಈ ಮಕ್ಕಳು ವಿದ್ಯುತ್ ಪ್ರವಾಹದ ವ್ಯಾಖ್ಯೆಯನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಅದಕ್ಕೆ ಯಾರಿಗೂ ಅರ್ಧ ಅಂಕ ಕೂಡ ಕಡಿಮೆ ಬಂದದ್ದಿಲ್ಲ. ಆದರೂ ಒಬ್ಬರಿಗೂ ಅದೇನೆಂದು ತಿಳಿದಿರಲಿಲ್ಲ. ಪ್ರವಾಹ ಬಲ್ಬಿನಲ್ಲಿ ಎಳ್ಳಷ್ಟೂ ಖರ್ಚಾಗುವುದಿಲ್ಲ. ಒಂದು ಕಡೆಯಿಂದ ಎಷ್ಟು ಹೊಕ್ಕಿತೋ ಇನ್ನೊಂದು ಕಡೆಯಿಂದ ಅಷ್ಟೇ ಹೊರಬರುತ್ತದೆ.

ಅದೇ ಹೊತ್ತಿಗೆ ಗಂಟೆ ಹೊಡೆಯಿತು. ಬಾಗಿಲಲ್ಲಿ ಹೆಡ್ ಮೇಡಂ ನಿಂತಿದ್ದರು. ವಾಸನೆ ಹಿಡಿದು ಬಂದಿದ್ದರೂ ಅವರ ಮುಖದ ತುಂಬ ಹಿಗ್ಗು.

"ಏನ್ರೀ ಇದು, ಅಡುಗೆ ಮಾಡ್ತಿದ್ದೀರಾ? ಇರ್ಲಿ. ಪರಿವೀಕ್ಷಕರು ಗುರುವಾರ ಬರ್ತಾರಂತೆ. ನಿಮ್ಮ ಪಟ್ಟೀನ ನೋಡೋಕೇ ಬರ್ತಿರೋದು. ಹಿಡಿಸಿದ್ರೆ ಎಲ್ಲಾ ಶಾಲೆಗೂ ಅಚ್ಚು ಹಾಕಿಸ್ತಾರೆ. ಎಲ್ಲಾ ವಿಜ್ಞಾನ ಶಿಕ್ಷಕರಿಗೂ ನೀವೇ ತರಬೇತಿ ಕೊಡ್ಬೇಕು. ಬಟ್ಟೆ ಇಸ್ತ್ರಿ ಮಾಡಿಟ್ಕೊಳ್ಳಿ!"

ಟೀಚರು ಇಷ್ಟು ವರ್ಷ ಕಾದಿದ್ದ ಸುದ್ದಿಯದು. ಬೇರೆ ಯಾವ ಹೊತ್ತಿನಲ್ಲಿ ಬಂದಿದ್ದರೂ ಕುಣಿದಾಡುತ್ತಿದ್ದರು. ಈಗ ಕರಗಿದ ತಂತಿಯನ್ನು ಸೆರಗಿನ ಮರೆಗೆ ಸರಿಸಿ, "ಬರಲಿ ಮೇಡಂ" ಎಂದಷ್ಟೇ ಹೇಳಿದರು.

*

ಸಂಜೆ ಮನೆಗೆ ಬಂದಾಗ ಅತ್ತೆ ಹಜಾರದಲ್ಲಿ ನಾಲ್ಕು ಮಡಿಕೆಯ ಕಂಬಳಿಯ ಮೇಲೆ ಗಿರಾಕಿಯೊಬ್ಬರ ಕೋಟು ಹಾಸಿಕೊಂಡು ಇಸ್ತ್ರಿ ಹಾಕುತ್ತಿದ್ದರು. ಹಳೆಯ ಬಟ್ಟೆ ಬಿಚ್ಚಿ ಹೊಸ ಅಳತೆಗೆ ಹೊಲಿಯುವುದು ಅವರ ಕಸುಬು. ಎಪ್ಪತ್ತು ದಾಟಿದರೂ ಕೈ ನಡುಗದು, ಬಾಯಿ ಸುಮ್ಮನಿರದು. ಟೀಚರ ಗಂಡ ಪ್ರೆಸ್ಸಿನಲ್ಲಿ ಕರಡು ತಿದ್ದುವವರು. ಮೂಲೆಯ ಕುರ್ಚಿಯಲ್ಲಿ ಕೂತು ಯಾರದೋ ಪುಸ್ತಕದ ಹಾಳೆಗಳ ಮೇಲೆ ಕೆಂಪು ಗೀಟು ಎಳೆಯುತ್ತಿದ್ದರು.

"ಈ ಹೊಸ ಇಸ್ತ್ರಿಪೆಟ್ಟಿಗೆ ಕರೆಂಟು ಕುಡಿಯುತ್ತಪ್ಪಾ," ಎಂದರು ಅತ್ತೆ, ಯಾರನ್ನೂ ನೋಡದೆ. "ಹಳೇದೇ ವಾಸಿ. ಇದು ಗಟಗಟ ಕುಡಿಯುತ್ತೆ."

"ಅಮ್ಮಾ, ಸೊಸೆ ಬಂದಿದ್ದಾಳೆ. ಎದ್ದು ನಿಂತು ವಾಕ್ಯ ತಿದ್ದು," ಎಂದರು ಮಗ.

"ನಾನ್ಯಾಕೆ ನಿಲ್ಲಲಿ? ಮೊಣಕಾಲು ನೋವು. ಬೇಕಿದ್ರೆ ಅವಳೇ ಕೂತ್ಕೊಳ್ಳಲಿ."

ಟೀಚರು ನಿಜವಾಗಿಯೂ ಅತ್ತೆಯ ಎದುರು ನೆಲದ ಮೇಲೆ ಕೂತರು. ಬೆಳಿಗ್ಗೆಯಿಂದ ಆ ಎತ್ತಿದ ಕೈಗಳೇ ಕಣ್ಣ ಮುಂದಿದ್ದವು. 'ಬಲ್ಬು ತಿನ್ನೋ ಮೊದ್ಲೇ' ಎಂದಿದ್ದಳು ವಕೀಲೆ. ಶಾಸ್ತ್ರದ ಮಾತಿನ ನಡುವೆ ಆ 'ತಿನ್ನೋ' ಎಲ್ಲಿಂದ ನುಸುಳಿತು?

"ಅತ್ತೆ, ಅದು ಕುಡಿದ ಕರೆಂಟು ಎಲ್ಲಿಗೆ ಹೋಗುತ್ತೆ?"

ಅತ್ತೆ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. "ನಿಂಗೇನಾಯ್ತೇ ಇವತ್ತು? ಮಕ್ಕಳಿಗೆ ಕಲಿಸೋಳು ನೀನು."

"ನೀವು ಹೇಳಿ."

"ಬಟ್ಟೆಗೆ ಹೋಗುತ್ತೆ, ಮತ್ತೆಲ್ಲಿಗೆ? ಮುಟ್ಟು, ನೋಡು, ಹೇಗೆ ಸುಡ್ತಿದೆ. ಬಿಸಿ ಏನು ಪುಕ್ಕಟೆ ಬರುತ್ತಾ? ಅದಕ್ಕೇ ತಿಂಗಳ ಕೊನೆಗೆ ಬಿಲ್ಲು."

ಟೀಚರು ಕೋಟಿನ ತೋಳು ಮುಟ್ಟಿದರು. ಸುಡುತ್ತಿತ್ತು. ಕೈ ಹಿಂದಕ್ಕೆಳೆಯುವಷ್ಟರಲ್ಲಿ ತಲೆಯೊಳಗೆ ಗಂಟೊಂದು ಸಡಿಲಾಗತೊಡಗಿತ್ತು.

ಖರ್ಚಾಗುತ್ತದೆ, ಶಾಖವಾಗಿ ಬಟ್ಟೆಗೆ ಹೋಗುತ್ತದೆ, ಬಿಲ್ಲಿನಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಇದು ಪ್ರವಾಹದ ಮಾತೇ ಅಲ್ಲ. ಇದು ಶಕ್ತಿಯ ಮಾತು. ಅತ್ತೆ ಕರೆಂಟು ಎಂದಾಗಲೆಲ್ಲ ಹೇಳುತ್ತಿದ್ದುದು ವಿದ್ಯುತ್ ಶಕ್ತಿಯನ್ನು. ಊರಿಗೆ ಊರೇ ಹಾಗೆ ಹೇಳುತ್ತದೆ. ಆ ಅರ್ಥದಲ್ಲಿ ಕರೆಂಟನ್ನು ತಿನ್ನಬಹುದು, ಕುಡಿಯಬಹುದು, ಉಳಿಸಬಹುದು, ಪೋಲು ಮಾಡಬಹುದು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ.

ಸುಳ್ಳು ಇದ್ದದ್ದು ಪಟ್ಟಿಯ ಮೊದಲನೇ ಸಾಲಿನಲ್ಲಿ. ಎಡಗಡೆ: ಕರೆಂಟು. ಬಲಗಡೆ: ವಿದ್ಯುತ್ ಪ್ರವಾಹ. ಕೆಳಗಿನ ಒಂದೊಂದು ಸಾಲಿಗೂ ಟೀಚರು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಈ ಸಾಲಿಗೆ ಮಾತ್ರ ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಇಂಗ್ಲಿಷಿನ ಕರೆಂಟ್ ಅಂದರೆ ಪ್ರವಾಹ. ಯಾವ ನಿಘಂಟು ತೆರೆದರೂ ಅದೇ. ಅಲ್ಲಿ ಯೋಚಿಸುವುದೇನಿತ್ತು? ಮಕ್ಕಳು ಟೀಚರು ಹೇಳಿದಂತೆಯೇ ಮಾಡಿದ್ದರು. ಮನೆಯಲ್ಲಿ ಕರೆಂಟು ಎನ್ನುವಲ್ಲೆಲ್ಲ ಶಾಲೆಯಲ್ಲಿ ಪ್ರವಾಹ ಎಂದಿದ್ದರು. ಹಳೆಯ ಡಬ್ಬಿಯಲ್ಲಿದ್ದದ್ದನ್ನು ಪೂರ್ತಿಯಾಗಿ ಹೊಸ ಡಬ್ಬಿಗೆ ಸುರಿದುಕೊಂಡಿದ್ದರು.

"ನನ್ನ ಪಟ್ಟಿಯಲ್ಲಿ ಒಂದು ತಪ್ಪಿದೆ," ಎಂದರು ಟೀಚರು.

ಗಂಡ ತಲೆ ಎತ್ತಲಿಲ್ಲ. "ಅಚ್ಚಿಗೆ ಹೋಗಿದ್ಯಾ?"

"ಇಲ್ಲ."

"ಹಾಗಾದ್ರೆ ಅದು ತಪ್ಪಲ್ಲ, ಕರಡು."

*

ಬುಧವಾರ ಬೆಳಿಗ್ಗೆ ಟೀಚರು ಹೆಡ್ ಮೇಡಂ ಕೋಣೆಗೆ ಹೋಗಿ ನಿಂತು, ವಿಷಯವನ್ನು ಕಡ್ಡಿ ಮುರಿದಂತೆ ಹೇಳಿದರು. ಹೆಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಷ್ಟೇ ತಾನೆ? ಇವತ್ತೊಂದು ದಿನ ಇದೆ. 'ಎರಡೂ ಕಡೆ ಒಂದೇ' ಅಂತ ಹೇಳ್ಕೊಟ್ಟು ಬಾಯಿಪಾಠ ಮಾಡಿಸಿಬಿಡಿ. ಆ ಒಂದು ಸಾಲಿನ ಮೇಲೆ ಚೀಟಿ ಅಂಟಿಸಿ. ಯಾರು ನೋಡ್ತಾರೆ?"

"ಬಾಯಿಪಾಠ ಮಾಡಿಸಿದ್ರೆ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತೆ ಅಷ್ಟೇ ಮೇಡಂ. ಅವರ ತಲೆಗಲ್ಲ."

"ಮತ್ತೇನ್ ಮಾಡ್ತೀರಿ?"

"ನಾಳೆ ಅವರ ಎದುರಿಗೇ ಕೇಳ್ತೀನಿ. ಮಕ್ಕಳು ತಪ್ಪು ಹೇಳ್ಲಿ. ಆಮೇಲೆ ಸ್ವಿಚ್ಚು ಹಾಕ್ತೀನಿ."

"ಪರಿವೀಕ್ಷಕರ ಎದುರಿಗೆ ಇಡೀ ಕ್ಲಾಸು ತಪ್ಪು ಹೇಳೋದಾ?" ಹೆಡ್ ಮೇಡಂ ಹಣೆ ಒತ್ತಿಕೊಂಡರು. "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೋತಿದ್ದೀರಿ ಕಣ್ರೀ. ತರಬೇತಿ ಬೇಡ್ವಾ ನಿಮಗೆ?"

"ಬೇಕು. ತುಂಬಾ ಬೇಕು. ಅದಕ್ಕೇ."

"ನಾಳೆ ನನ್ನ ಮುಖ ನೋಡ್ಬೇಡಿ," ಎಂದು ಹೆಡ್ ಮೇಡಂ ಕನ್ನಡಕ ಏರಿಸಿಕೊಂಡರು.

ಟೀಚರಿಗೆ ಭಯ ಇದ್ದದ್ದು ಮಕ್ಕಳದ್ದಲ್ಲ, ಪರಿವೀಕ್ಷಕರದ್ದೂ ಅಲ್ಲ. ಮೀಟರುಗಳದ್ದು. ಶಾಲೆಯ ಅಮ್ಮೀಟರುಗಳು ಒಂದೊಂದು ಕಾಲದಲ್ಲಿ ಕೊಂಡವು. ಒಂದು ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ. ಈಚೆಯ ಮೀಟರಿಗೂ ಆಚೆಯ ಮೀಟರಿಗೂ ಒಂದೇ ಒಂದು ಗೀಟಿನ ವ್ಯತ್ಯಾಸ ಬಂದರೆ ಸಾಕು, ವಕೀಲೆ ಎದ್ದು ನಿಂತು 'ನೋಡಿ, ತಿಂದಿದೆ' ಎಂದು ಬಿಡುತ್ತಾಳೆ. ಆಮೇಲೆ ಆ ತರಗತಿಗೆ ಯಾರು ಏನು ಹೇಳಿದರೂ ಗಾಳಿಗೆ ತೂರಿದಂತೆ.

ಆದ್ದರಿಂದ ಮಧ್ಯಾಹ್ನವೆಲ್ಲ ಅವರು ಮೀಟರುಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಿ, ಅದೇ ಪ್ರವಾಹವನ್ನು ಎರಡರಲ್ಲೂ ಹರಿಸಿ, ತಾಳೆ ನೋಡಿದರು. ಒಂದರ ಮುಳ್ಳು ಸೊನ್ನೆಗೇ ಬರುತ್ತಿರಲಿಲ್ಲ. ಒಂದರದ್ದು ಬೆರಳಲ್ಲಿ ತಟ್ಟಿದ ಮೇಲೆ ಮಾತ್ರ ಏಳುತ್ತಿತ್ತು. ಕೋಣೆ ಗುಡಿಸಲು ಬಂದ ಅಟೆಂಡರ್ ಪೊರಕೆ ಊರಿಕೊಂಡು ಸ್ವಲ್ಪ ಹೊತ್ತು ನೋಡಿದ.

"ಸಂಬಂಧ ಹುಡುಕ್ತಿದ್ದೀರಾ ಟೀಚರ್?"

"ಹೂಂ. ಯಾವುದೂ ಒಪ್ಪಿಗೆ ಆಗ್ತಿಲ್ಲ."

"ನಮ್ಮನೇಲೂ ಅದೇ ಕಥೆ," ಎಂದು ಅವನು ಗುಡಿಸಿಕೊಂಡು ಹೋದ.

ಕೊನೆಗೆ, ಬಾಗಿಲು ಹಾಕುವ ಹೊತ್ತಿಗೆ, ಎರಡು ಮೀಟರುಗಳು ಹೊಂದಿಕೊಂಡವು. ಟೀಚರು ಪ್ರವಾಹ ಏರಿಸಿ ನೋಡಿದರು, ಇಳಿಸಿ ನೋಡಿದರು, ಜಾಗ ಅದಲುಬದಲು ಮಾಡಿ ನೋಡಿದರು. ಎರಡು ಮುಳ್ಳುಗಳೂ ಅವಳಿಗಳಂತೆ ಒಟ್ಟಿಗೇ ಎದ್ದವು, ಒಟ್ಟಿಗೇ ಇಳಿದವು. ಅವೆರಡನ್ನೂ ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿ ಮನೆಗೆ ಹೊರಟರು. ದಾರಿಯುದ್ದಕ್ಕೂ ಅವರ ಹೆಜ್ಜೆ ಹಗುರಾಗಿತ್ತು.

*

ಪರಿವೀಕ್ಷಕರು ತೆಳ್ಳಗೆ, ಎತ್ತರಕ್ಕೆ ಇದ್ದರು. ಬಂದವರೇ ಪಟ್ಟಿಯ ಮುಂದೆ ಕೈಕಟ್ಟಿ ನಿಂತು, ಮೇಲಿಂದ ಕೆಳಗಿನವರೆಗೂ ಓದಿ, "ಭೇಷ್, ಭೇಷ್" ಎಂದು ತಲೆದೂಗಿದರು. "ಮಕ್ಕಳು ಒಮ್ಮೆ ಒಪ್ಪಿಸಲಿ, ಕೇಳೋಣ."

ಟೀಚರು ಕೆಂಪು ಸೀಮೆಸುಣ್ಣ ತೆಗೆದುಕೊಂಡು ಪಟ್ಟಿಯ ಹತ್ತಿರ ಹೋದರು. ಮೊದಲನೇ ಸಾಲಿನ ಮೇಲೆ ಎಡದಿಂದ ಬಲಕ್ಕೆ ಒಂದು ಗೀಟು ಎಳೆದರು. ಹೆಡ್ ಮೇಡಂ ಕಿಟಕಿಯ ಹೊರಗೆ ನೋಡತೊಡಗಿದರು.

"ಸರ್, ಈ ಸಾಲು ತಪ್ಪು. ಬರೆದವಳು ನಾನೇ. ಯಾಕೆ ತಪ್ಪು ಅಂತ ಮಕ್ಕಳಿಗೂ ಇನ್ನೂ ಗೊತ್ತಿಲ್ಲ. ಇವತ್ತಿನ ಪಾಠ ಅದೇ."

"ನಾನು ಪಟ್ಟಿ ನೋಡೋಕೆ ಬಂದವನು," ಎಂದರು ಪರಿವೀಕ್ಷಕರು, ದನಿ ಸ್ವಲ್ಪ ಬಿಗಿಯಾಗಿ.

"ನೋಡಿದಿರಲ್ಲ ಸರ್. ಈಗ ಕೂತ್ಕೊಳ್ಳಿ."

ಅವರು ಹುಬ್ಬೇರಿಸಿದರು, ಆದರೂ ಕೂತರು. ಟೀಚರು ಮಕ್ಕಳ ಕಡೆ ತಿರುಗಿದರು. "ಇವತ್ತು ಯಾರೂ ಎದ್ದು ನಿಂತು ತಿದ್ದೋದು ಬೇಡ. ಮನೇಲಿ ಹೇಗೆ ಮಾತಾಡ್ತೀರೋ ಹಾಗೇ ಹೇಳಿ. ಬಲ್ಬಿನ ಈಚೆ ಎಷ್ಟು, ಆಚೆ ಎಷ್ಟು?"

ಬಾಯಿಗೆ ಹಾಕಿದ್ದ ಬೀಗ ತೆಗೆದಂತಾಯಿತು. ಅಲ್ಲಿಯವರೆಗೆ ತುಟಿ ಬಿಚ್ಚದವರೂ ಮಾತಾಡಿದರು. "ಈಚೆ ಜಾಸ್ತಿ, ಬಲ್ಬು ಅರ್ಧ ತಿಂದ್ಬಿಡುತ್ತೆ." "ಅರ್ಧ ಎಲ್ಲ ಇಲ್ಲ, ಚೂರು." "ಲೋ, ಪೂರ್ತಿ ತಿನ್ನುತ್ತೆ ಕಣೋ, ಇಲ್ದಿದ್ರೆ ಬೆಳಕು ಹೇಗೆ?" "ಪೂರ್ತಿ ತಿಂದ್ರೆ ಆಚೆ ತಂತಿ ಯಾಕೆ ಬೇಕು, ಬಟ್ಟೆ ಒಣಗಿಸೋಕಾ?" ಈ ಕೊನೆಯದು ರೇಡಿಯೋ. ಎಲ್ಲರೂ ನಕ್ಕರು. ವಕೀಲೆ ಮಾತ್ರ ನಗದೆ ಅವನ ಕಡೆ ತಿರುಗಿ ನೋಡಿದಳು. ಆ ಪ್ರಶ್ನೆ ಅವಳಿಗೆ ಎಲ್ಲೋ ಚುಚ್ಚಿತ್ತು.

"ಸರಿ, ಬಂದು ನೋಡಿ," ಎಂದು ಟೀಚರು ಸ್ವಿಚ್ಚು ಹಾಕಿದರು.

ಬಲ್ಬು ಹೊತ್ತಿಕೊಂಡಿತು. ಎರಡು ಮುಳ್ಳುಗಳೂ ಒಟ್ಟಿಗೇ ಎದ್ದು ಒಂದೇ ಗೀಟಿನ ಮೇಲೆ ನಿಂತವು. ಈಚೆ 0.31. ಆಚೆ 0.31.

ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು.

"ಮೀಟರ್ ಕೆಟ್ಟಿದೆ ಟೀಚರ್!" ಎಂದಳು ವಕೀಲೆ. "ಅದಲುಬದಲು ಮಾಡಿ."

"ನೀನೇ ಮಾಡು."

ಮಂಗಳವಾರ ತಂತಿ ಸುಟ್ಟ ಕೈಗಳು ಅಳುಕುತ್ತಲೇ ತಿರುಪು ಬಿಚ್ಚಿ, ಮೀಟರುಗಳ ಜಾಗ ಬದಲಿಸಿ, ಮತ್ತೆ ಬಿಗಿದವು. ಸ್ವಿಚ್ಚು. 0.31, 0.31.

ವಕೀಲೆ ಬಲ್ಬಿನ ಹತ್ತಿರ ಮುಖ ತಂದು, ಕಳ್ಳನನ್ನು ಹಿಡಿದವಳಂತೆ ದಿಟ್ಟಿಸಿದಳು. ಬೆರಳು ತಾಗಿಸಿ ಸರ್ರನೆ ಹಿಂದಕ್ಕೆಳೆದುಕೊಂಡಳು. "ಬಿಸಿಯಾಗಿದೆ. ಏನೋ ತಿಂತಿರೋದಂತೂ ನಿಜ. ಆದ್ರೆ ಹೋದಷ್ಟೇ ವಾಪಸ್ ಬರ್ತಿದೆ." ಬೆರಳು ಊದಿಕೊಂಡಳು. "ಹಾಗಾದ್ರೆ ತಿನ್ನೋದು ಬೇರೆ ಏನನ್ನೋ. ಮೀಟರು ಅಳೀತಿರೋದು ಅದನ್ನಲ್ಲ."

"ಏನದು?" ಎಂದರು ಟೀಚರು. ಹೇಳಿಕೊಡಲು ನಾಲಿಗೆ ತುರಿಸುತ್ತಿತ್ತು. ಹಲ್ಲು ಕಚ್ಚಿ ಸುಮ್ಮನಾದರು.

"ಅದೇ... ಬಿಲ್ಲು ಬರುತ್ತಲ್ಲ, ಅದು," ಎಂದ ರೇಡಿಯೋ.

"ಶಕ್ತಿ!" ಎಂದಳು ವಕೀಲೆ. "ನಮ್ಮಮ್ಮ ಕರೆಂಟು ಅನ್ನೋದು ಶಕ್ತಿನಾ? ಮತ್ತೆ ನಾವ್ಯಾಕೆ ಅದನ್ನ ಪ್ರವಾಹ ಅಂತಿದ್ವಿ?"

"ನಾನು ಹಾಗೆ ಹೇಳ್ಕೊಟ್ಟಿದ್ದಕ್ಕೆ," ಎಂದರು ಟೀಚರು. "ಇನ್ಮೇಲೆ ಯಾರಾದ್ರೂ ಕರೆಂಟು ಅಂದ್ರೆ ತಿದ್ದೋಕೆ ಹೋಗ್ಬೇಡಿ. ಹರಿಯೋದನ್ನ ಹೇಳ್ತಿದ್ದಾರಾ, ಖರ್ಚಾಗೋದನ್ನ ಹೇಳ್ತಿದ್ದಾರಾ, ಅದನ್ನ ಕೇಳಿ."

ಪರಿವೀಕ್ಷಕರು ಯಾವಾಗ ಎದ್ದು ಬಂದರೋ, ಮಕ್ಕಳ ತಲೆಗಳ ಮೇಲಿಂದ ಕತ್ತು ಚಾಚಿ ಮೀಟರು ನೋಡುತ್ತಿದ್ದರು.

"ಪಟ್ಟಿ ಅಚ್ಚಿಗೆ ಹೋಗೋದಿಲ್ಲ, ಟೀಚರ್," ಎಂದರು.

"ಹೋಗಬಾರದು ಸರ್."

"ಈ ಪಾಠ ಹೋಗಬಹುದು. ಆದ್ರೆ ಇವರು ಮೀಟರು ನೋಡಿ ಹೇಳಿದ್ದಾರೆ. ನೋಡೋಕೆ ಮೊದಲೇ ಹೇಳ್ತಾರಾ, ಅದು ನನಗೆ ಬೇಕು. ಅದರ ಮೇಲೆ ನಿಮ್ಮ ತರಬೇತಿ." ಅವರು ವಕೀಲೆಯ ಕಡೆ ಬಗ್ಗಿದರು. "ಇನ್ನೊಂದು ಬಲ್ಬು ಸಾಲಾಗಿ ಸೇರಿಸಮ್ಮ. ಒಂದು ಮೀಟರು ಎರಡು ಬಲ್ಬಿನ ಮಧ್ಯೆ ಇಡು, ಇನ್ನೊಂದು ಕೊನೇಲಿ. ಸ್ವಿಚ್ಚು ಮುಟ್ಟಬೇಡ. ಏನು ಬರುತ್ತೆ?"

ಇದನ್ನು ಟೀಚರು ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿ ಹೆಡ್ ಮೇಡಂ ಕಿಟಕಿ ಬಿಟ್ಟು ಇತ್ತ ತಿರುಗಿದ್ದರು.

ವಕೀಲೆ ತಂತಿಗಳನ್ನು ಜೋಡಿಸಿ, ಒಂದೊಂದು ತಿರುಪನ್ನೂ ಎಳೆದು ನೋಡಿದಳು. ಪೆಟ್ಟಿಗೆಯಿಂದ ಹೊರಟು ಪೆಟ್ಟಿಗೆಗೇ ಮರಳುವವರೆಗೆ ತಂತಿಯ ಹಾದಿಯನ್ನು ಬೆರಳಲ್ಲಿ ಹಿಡಿದು ಹೋದಳು.

"ಮೊದಲಿನಷ್ಟು ಬರಲ್ಲ ಸರ್. ಹಾದಿ ಕಷ್ಟ ಆಯ್ತಲ್ಲ, ಪೂರ್ತಿ ಹರಿವೇ ಕಮ್ಮಿ ಆಗುತ್ತೆ. ಆದ್ರೆ ಮಧ್ಯೆ ಎಷ್ಟೋ ಕೊನೇಲೂ ಅಷ್ಟೇ. ಯಾವ ಬಲ್ಬೂ ಅದನ್ನ ತಿನ್ನಲ್ಲ."

"ಖಂಡಿತಾ?"

"ಖಂಡಿತಾ. ಸ್ವಿಚ್ಚು ಹಾಕ್ಲಾ?"

ಪರಿವೀಕ್ಷಕರು ಟೀಚರ ಮುಖ ನೋಡಿದರು. ಟೀಚರು ಮೀಟರಿನ ಕಡೆ ಕೈ ತೋರಿಸಿದರು. ವಕೀಲೆ ಸ್ವಿಚ್ಚು ಹಾಕಿದಳು. ಎರಡು ಬಲ್ಬುಗಳೂ ಮಂದವಾಗಿ ಕೆಂಪಗೆ ಉರಿದವು. ಪರಿವೀಕ್ಷಕರು ಕನ್ನಡಕ ಒರೆಸಿಕೊಂಡು ಬಗ್ಗಿ, ಮಧ್ಯದ ಮೀಟರನ್ನು ಓದಿ, ಕೊನೆಯದನ್ನು ಓದಿ, ಎಲ್ಲರಿಗೂ ಕೇಳುವಂತೆ ಹೇಳಿದರು.

ಮಧ್ಯದಲ್ಲಿ 0.21 ಆಂಪಿಯರ್, ಕೊನೆಯಲ್ಲಿ 0.21 ಆಂಪಿಯರ್.